ಹೆಬ್ಬೆಟ್ಟು ಮುಚ್ಚಿ, ಕಡತ ತೆರೆಯಿರಿ

ರಾಜಾಜಿನಗರದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವ ಒಂದು ಸಾಧಾರಣ ಕ್ರಯಪತ್ರದಲ್ಲಿ ಏನೇನಿರುತ್ತದೆ? ಕೊಟ್ಟವರ, ಕೊಂಡವರ ಹೆಸರು, ತಂದೆಯ ಇಲ್ಲವೇ ಗಂಡನ ಹೆಸರು, ವಯಸ್ಸು, ವಾಸದ ವಿಳಾಸ, ನಿವೇಶನದ ನಂಬರು, ಚೆಕ್ಕುಬಂದಿ, ಕ್ರಯದ ಮೊತ್ತ, ಸಾಕ್ಷಿಗಳ ಸಹಿ. 2001ರ ತಿದ್ದುಪಡಿಯಿಂದೀಚೆಗೆ ಎರಡೂ ಕಡೆಯವರ ಭಾವಚಿತ್ರ, ಬೆರಳಚ್ಚೂ ಇದಕ್ಕೆ ಸೇರಿವೆ. ಶುಲ್ಕ ಕಟ್ಟಿದ ಯಾರಿಗಾದರೂ ಇದರ ನಕಲು ಸಿಗುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿ ದಾಖಲೆಗಳ ಪುಸ್ತಕ ಎಲ್ಲರಿಗೂ ತೆರೆದದ್ದು. ಮಾರುವವನಿಗೆ ನಿಜಕ್ಕೂ ಮಾರುವ ಹಕ್ಕಿದೆಯೇ, ಅದೇ ಸೈಟನ್ನು ಹಿಂದೆ ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟಿದ್ದಾನೆಯೇ ಎಂದು ನೋಡದೆ ಯಾರೂ ಮುಂಗಡ ಕೊಡುವುದಿಲ್ಲವಷ್ಟೆ. ಈ ನಕಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಮೂಲಕ ಕೂತಲ್ಲೇ ಸಿಗುವಂತಾದ ಮೇಲೆ ಕೆಲವರು ಅದಕ್ಕೆ ಬೇರೆಯದೇ ಉಪಯೋಗ ಕಂಡುಕೊಂಡರು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ, ಒಟಿಪಿಯೂ ಬಾರದೆ, ಹಣ ಹೋಗತೊಡಗಿತು. ಕ್ರಯಪತ್ರದ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನಿಂದ ಅಚ್ಚು ತೆಗೆದು, ಖಾತೆದಾರರೇ ಬಂದು ಬೆರಳಿಟ್ಟಂತೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯನ್ನು ನಂಬಿಸಿ ಹಣ ಎತ್ತುತ್ತಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಪೊಲೀಸರು ಬಿಹಾರ ಮೂಲದ ಆರೋಪಿಗಳನ್ನು ಬಂಧಿಸಿದರು.

ಆಗ ಸರ್ಕಾರದ ಮುಂದೆ ಎರಡು ದಾರಿಗಳಿದ್ದವು. ಕ್ರಯಪತ್ರ ವೈಯಕ್ತಿಕ ಮಾಹಿತಿ, ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಪುಸ್ತಕವನ್ನೇ ಮುಚ್ಚಿಬಿಡುವುದು ಒಂದು ದಾರಿ. ಹಾಗೆ ಮಾಡಿದ್ದರೆ ಬೆರಳಚ್ಚಿನ ಕಳ್ಳತನ ನಿಲ್ಲುತ್ತಿತ್ತು, ನಿಜ. ಒಂದೇ ಸೈಟನ್ನು ಮೂವರಿಗೆ ಮಾರುವವರಿಗೆ ಮಾತ್ರ ಸುಗ್ಗಿಯಾಗುತ್ತಿತ್ತು. ಕಂದಾಯ ಇಲಾಖೆ ಎರಡನೆಯ ದಾರಿ ಹಿಡಿಯಿತು. ಸಾರ್ವಜನಿಕರಿಗೆ ಕಾಣುವ ಪ್ರತಿಯಲ್ಲಿ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಮರೆಮಾಡಲು ಮುಂದಾಯಿತು. ಉಳಿದ ಪುಟಗಳು ಹಿಂದಿನಂತೆಯೇ ತೆರೆದಿವೆ. ಈ ಬುದ್ಧಿ ಮೊದಲೇ ಬರಬೇಕಿತ್ತು, ಆದರೂ ಬಂದದ್ದು ಸರಿಯಾದ ಬುದ್ಧಿ. ಈ ಲೇಖನದ ವಾದವೂ ಇಷ್ಟೇ: ಕಡತದಲ್ಲಿ ಖಾಸಗಿಯಾದ ಒಂದು ಸಾಲಿದ್ದರೆ ಆ ಸಾಲನ್ನು ಮುಚ್ಚಬೇಕು, ಅದರ ನೆಪದಲ್ಲಿ ಕಡತವನ್ನು ಮುಚ್ಚಬಾರದು. ಮಾಹಿತಿ ಹಕ್ಕು ಕಾಯ್ದೆಗೆ ಈಚೆಗೆ ಆಗಿರುವ ತಿದ್ದುಪಡಿ ಕಡತ ಮುಚ್ಚುವ ದಾರಿ ಹಿಡಿದಿದೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದ ಹಾಗೆ. ನೂರು ವರ್ಷಕ್ಕೂ ಹಳೆಯದಾದ ಆ ನೋಂದಣಿ ಕಾಯ್ದೆಯೇ ಈ ವಿಷಯದಲ್ಲಿ ಹೆಚ್ಚು ನಾಜೂಕಾಗಿ ಯೋಚಿಸಿತ್ತು ಎನ್ನಬೇಕು. ಕ್ರಯಪತ್ರ ಊರಿಗೆಲ್ಲ ಕಾಣಲಿ ಎಂದ ಅದೇ ಸೆಕ್ಷನ್, ಉಯಿಲಿನ ನಕಲನ್ನು ಬರೆದವರು ಬದುಕಿರುವತನಕ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಕೊಡಬೇಕು, ಸತ್ತ ಮೇಲೆ ಕೇಳಿದವರಿಗೆಲ್ಲ ಕೊಡಬಹುದು ಎಂದಿತು.

2005ರ ಮಾಹಿತಿ ಹಕ್ಕು ಕಾಯ್ದೆಯೂ ಖಾಸಗಿತನವನ್ನು ಮರೆತು ಬರೆದದ್ದಲ್ಲ. ಕರ್ನಾಟಕವಂತೂ ಅದಕ್ಕೂ ಐದು ವರ್ಷ ಮೊದಲು, 2000ದಲ್ಲೇ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿದ್ದ ರಾಜ್ಯ. ಕೇಂದ್ರದ ಕಾಯ್ದೆಯ 8(1)(ಜೆ) ಎಂಬ ಖಂಡ ಮೂರು ಮೆಟ್ಟಿಲುಗಳಲ್ಲಿ ಯೋಚಿಸುತ್ತಿತ್ತು. ಕೇಳಿದ ವೈಯಕ್ತಿಕ ಮಾಹಿತಿಗೆ ಸಾರ್ವಜನಿಕ ಚಟುವಟಿಕೆಯೊಂದಿಗೆ ಸಂಬಂಧವೇ ಇಲ್ಲದಿದ್ದರೆ, ಅಥವಾ ಅದನ್ನು ಕೊಡುವುದರಿಂದ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯಾಗುವುದಾದರೆ ಕೊಡಬೇಕಿಲ್ಲ. ಹಾಗಿದ್ದರೂ ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದೆ ಎನ್ನಿಸಿದರೆ ಕೊಡಬೇಕು. ಸಂಸತ್ತಿಗೋ ವಿಧಾನಮಂಡಲಕ್ಕೋ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯ ವ್ಯಕ್ತಿಗೂ ನಿರಾಕರಿಸುವಂತಿಲ್ಲ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್ ಈ ಮೂರೂ ಮೆಟ್ಟಿಲುಗಳನ್ನು ಕಿತ್ತುಹಾಕಿತು. ಅವುಗಳ ಜಾಗದಲ್ಲಿ ಉಳಿದದ್ದು, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದನ್ನು ಕೊಡಬೇಕಿಲ್ಲ ಎಂಬ ತುಂಡು ವಾಕ್ಯ. ಎರಡು ವರ್ಷ ಕಾಗದದ ಮೇಲೆ ಮಲಗಿದ್ದ ಈ ಸೆಕ್ಷನ್ 2025ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಹೊಸ ಕಾಯ್ದೆಯಲ್ಲಿ ವೈಯಕ್ತಿಕ ದತ್ತಾಂಶ ಎಂದರೆ ಒಬ್ಬ ವ್ಯಕ್ತಿಯನ್ನು ಗುರುತಿಸಬಹುದಾದ ಯಾವುದೇ ವಿವರ. ಸರ್ಕಾರಿ ಕಡತದಲ್ಲಿ ಮನುಷ್ಯರ ಹೆಸರಿಲ್ಲದ ಹಾಳೆ ಎಷ್ಟಿರುತ್ತದೆ?

ಇದರ ಪರಿಣಾಮ ಬೀದಿಯ ಮಟ್ಟದಲ್ಲಿ ಏನು ಎಂಬುದನ್ನು ನೋಡಬೇಕಾದರೆ ಪಾಲಿಕೆಯ ವಿಭಾಗ ಕಚೇರಿಯೊಂದರ ಅಳತೆ ಪುಸ್ತಕವನ್ನು ತೆರೆಯಬೇಕು. ಎಂಜಿನಿಯರುಗಳ ಬಾಯಲ್ಲಿ ಅದು ಎಂ.ಬಿ. ವಿಜಯನಗರದ ಒಂದು ಅಡ್ಡರಸ್ತೆಗೆ ಡಾಂಬರು ಹಾಕಿದ ಬಿಲ್ ಪಾಸಾಗಬೇಕಾದರೆ ಮೊದಲು ಈ ಪುಸ್ತಕದಲ್ಲಿ ರಸ್ತೆಯ ಉದ್ದ, ಅಗಲ, ಡಾಂಬರಿನ ದಪ್ಪ ಬರೆಯಬೇಕು. ಅಳೆದ ಎಂಜಿನಿಯರ್ ಸಹಿ ಹಾಕಬೇಕು, ಅವರ ಮೇಲಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ತಪಾಸಣೆ ಮಾಡಿ ಸಹಿ ಹಾಕಬೇಕು, ಗುತ್ತಿಗೆದಾರ ಒಪ್ಪಿ ಸಹಿ ಹಾಕಬೇಕು. ಡಾಂಬರಿನ ದಪ್ಪವನ್ನು ಯಾರು ಬೇಕಾದರೂ ಗುದ್ದಲಿ ಹಿಡಿದು ನೋಡಬಹುದು. 50 ಮಿಲಿಮೀಟರ್ ಇದೆ ಎಂದು ಬರೆದು ಸಹಿ ಹಾಕಿದವರು ಯಾರು ಎಂಬುದು ಪುಸ್ತಕದಲ್ಲಿ ಮಾತ್ರ ಇರುತ್ತದೆ. ಈಗಿನ ತುಂಡು ವಾಕ್ಯವನ್ನು ಅಕ್ಷರಶಃ ಓದಿದರೆ ಆ ಎಂಜಿನಿಯರ್ ಹೆಸರು ವೈಯಕ್ತಿಕ, ಗುತ್ತಿಗೆದಾರ ಕಂಪನಿಯಾಗಿರದೆ ಬಿಡಿ ವ್ಯಕ್ತಿಯಾಗಿದ್ದರೆ ಅವನ ಹೆಸರೂ ವೈಯಕ್ತಿಕ. ಬೆಂಗಳೂರಿನ ವಾರ್ಡ್ ಕಾಮಗಾರಿ ಮಾಡುವವರಲ್ಲಿ ಬಿಡಿ ವ್ಯಕ್ತಿಗಳಿಗೆ ಬರವಿಲ್ಲ. ಇದು ಊಹೆಯ ಭಯವೂ ಅಲ್ಲ. 2011ರಲ್ಲಿ ಪಾಲಿಕೆಯದೇ ತಾಂತ್ರಿಕ ಜಾಗೃತ ಕೋಶ, ಅಂದರೆ ಟಿವಿಸಿಸಿ, ಮಲ್ಲೇಶ್ವರ, ರಾಜರಾಜೇಶ್ವರಿನಗರ, ಗಾಂಧಿನಗರ ವಿಭಾಗಗಳ ಕಾಮಗಾರಿ ಕಡತಗಳನ್ನು ತೆರೆದಾಗ 1,539 ಕೋಟಿ ರೂಪಾಯಿಯ ಅಕ್ರಮದ ಆರೋಪ ಹೊರಬಿದ್ದು, ಪ್ರಕರಣ ಸಿಐಡಿ ತನಕ ಹೋಯಿತು. ಅಂಥ ತನಿಖೆಯಲ್ಲಿ ಹುಡುಕುವುದೇ ಹೆಸರುಗಳನ್ನು: ಯಾವ ಬಿಲ್, ಯಾರ ಹೆಸರಿಗೆ, ಯಾರ ಸಹಿಯಲ್ಲಿ. ಇದರ ಮೇಲೆ, ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಈ ನಗರ ವರ್ಷಗಟ್ಟಲೆ ಕಾರ್ಪೊರೇಟರುಗಳಿಲ್ಲದೆ ನಡೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಅವು ಹುಟ್ಟಿದ್ದೂ ಆಡಳಿತಾಧಿಕಾರಿಗಳ ಕೈಯಲ್ಲೇ. ಸಭೆಯಲ್ಲಿ ಎದ್ದು ನಿಂತು ಕೇಳುವವರಿಲ್ಲದಷ್ಟು ಕಾಲ ನಿವಾಸಿಗಳ ಕೈಲಿದ್ದ ಪ್ರಶ್ನೋತ್ತರದ ಅವಧಿ ಎಂದರೆ 10 ರೂಪಾಯಿಯ ಆರ್‌ಟಿಐ ಅರ್ಜಿಯೊಂದೇ.

ಇನ್ನೊಂದು ಉದಾಹರಣೆ ಪಶ್ಚಿಮ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಸಿಗುತ್ತದೆ. ಬಸವೇಶ್ವರನಗರದಲ್ಲೋ ಕಮಲಾನಗರದಲ್ಲೋ 30–40ರ ಸೈಟಿನಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ಐದಂತಸ್ತಿನ ಕಟ್ಟಡ ಏಳುತ್ತದೆ. ಪಕ್ಕದ ಮನೆಯ ಕಿಟಕಿಗೂ ಹೊಸ ಗೋಡೆಗೂ ಕೈ ತೂರಿಸಲೂ ಜಾಗವಿರುವುದಿಲ್ಲ. ಸೆಟ್‌ಬ್ಯಾಕ್ ಎಷ್ಟು ಬಿಡಬೇಕಿತ್ತು, ಎಷ್ಟು ಅಂತಸ್ತಿಗೆ ಮಂಜೂರಾತಿ ಇತ್ತು ಎಂದು ಪಕ್ಕದ ಮನೆಯವರು ಮಂಜೂರಾದ ನಕ್ಷೆಯ ಪ್ರತಿ ಕೇಳಿದರೆ, ಅದು ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದು ಎಂಬ ಹಿಂಬರಹ ಬರುವುದು ಈ ತಿದ್ದುಪಡಿಗೆ ಮೊದಲೂ ಇದ್ದದ್ದೇ. ನಿಜ ಹೇಳಬೇಕೆಂದರೆ ಆ ನಿರಾಕರಣೆಯಲ್ಲಿ ಒಂದು ಗುಲಗಂಜಿ ತೂಕದ ನ್ಯಾಯವಿದೆ. ಮಲಗುವ ಕೋಣೆ ಯಾವ ಮೂಲೆಯಲ್ಲಿದೆ, ಹಿಂಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂಬುದು ನೆರೆಯವರಿಗೆ ಬೇಕಿಲ್ಲ, ಕಳ್ಳನಿಗೆ ಬೇಕು. ಆದರೆ ಎಷ್ಟು ಅಂತಸ್ತು, ನಾಲ್ಕೂ ದಿಕ್ಕಿಗೆ ಎಷ್ಟು ಅಡಿ ಖಾಲಿ ಬಿಡಬೇಕು, ಮಂಜೂರು ಮಾಡಿದವರು ಯಾರು, ಯಾವ ದಿನ ಎಂಬುದರಲ್ಲಿ ಮಾಲೀಕನ ಖಾಸಗಿ ಬದುಕು ಎಲ್ಲಿದೆ? ಸಾರ್ವಜನಿಕ ಸಂಸ್ಥೆ ಕೊಟ್ಟ ಪರವಾನಗಿ ಅದು. ಪರವಾನಗಿ ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಹೇಳುತ್ತದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಅಕ್ರಮ ಕಟ್ಟಡಗಳ ಬಗ್ಗೆ ಕೊಟ್ಟ ತೀರ್ಪಿನಲ್ಲಿ, ಕಟ್ಟಡ ಮುಗಿಯುವ ತನಕ ಮಂಜೂರಾದ ನಕ್ಷೆಯ ಪ್ರತಿಯನ್ನು ಸ್ಥಳದಲ್ಲೇ ಪ್ರದರ್ಶಿಸಬೇಕು ಎಂದು ನಿರ್ದೇಶಿಸಿದೆ. ಇದೇ ತೀರ್ಪಿನಿಂದಾಗಿ ಸ್ವಾಧೀನಾನುಭವ ಪತ್ರ, ನಮ್ಮ ಮಾತಿನ ಒಸಿ, ಇಲ್ಲದ ಮನೆಗಳಿಗೆ ಬೆಸ್ಕಾಂ ವಿದ್ಯುತ್ ಸಂಪರ್ಕ ಕೊಡುವುದನ್ನು ನಿಲ್ಲಿಸಿ 2025ರಲ್ಲಿ ಎಷ್ಟೋ ಕುಟುಂಬಗಳು ಪೇಚಿಗೆ ಸಿಕ್ಕವು. ಬೀದಿಯಲ್ಲಿ ನೇತುಹಾಕಬೇಕಾದ ಕಾಗದವನ್ನು ಕಚೇರಿಯ ಬೀರುವಿನಲ್ಲಿ ಖಾಸಗಿ ಎಂದು ಬಚ್ಚಿಡುವುದಕ್ಕೆ ಅರ್ಥವಿಲ್ಲ.

ಹಾಗಾದರೆ ಬೆಂಗಳೂರಿಗರ ಖಾಸಗಿತನಕ್ಕೆ ಪೆಟ್ಟೇ ಬಿದ್ದಿಲ್ಲವೇ? ಬಿದ್ದಿದೆ, ಬಲವಾಗಿಯೇ ಬಿದ್ದಿದೆ. ಬಿದ್ದದ್ದು ಯಾರಿಂದ ಎಂದು ನೋಡೋಣ. 2020ರ ಮಾರ್ಚ್ ಕೊನೆಯ ವಾರದಲ್ಲಿ, ಕೊರೊನಾದ ಆರಂಭದ ದಿನಗಳಲ್ಲಿ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಪಟ್ಟಿಗಳನ್ನು ರಾಜ್ಯ ಆರೋಗ್ಯ ಇಲಾಖೆ ತಾನಾಗಿ ಪ್ರಕಟಿಸಿತು. ಹೆಸರಿರಲಿಲ್ಲ, ಮನೆಯ ವಿಳಾಸ ಇತ್ತು. ವಿಳಾಸ ಸಿಕ್ಕ ಮೇಲೆ ಹೆಸರಿಗೇನು ಕೆಲಸ? ಪಟ್ಟಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಕೈಗೆ ಮುದ್ರೆ, ಬಾಗಿಲಿಗೆ ನೋಟಿಸು, ಅದರ ಮೇಲೆ ಬೆಳಿಗ್ಗೆ 7ರಿಂದ ರಾತ್ರಿ 10ರ ತನಕ ಗಂಟೆಗೊಂದು ಸೆಲ್ಫಿ ತೆಗೆದು ಕ್ವಾರಂಟೈನ್ ವಾಚ್ ಎಂಬ ಆ್ಯಪ್‌ಗೆ ಕಳಿಸಬೇಕೆಂಬ ಆದೇಶ. ಪಿಡುಗಿನ ಗಾಬರಿಯಲ್ಲಿ ಮಾಡಿದ್ದು ಎಂದು ಒಪ್ಪೋಣ. ಆದರೆ ಅದೇ ಕಾಲದಲ್ಲಿ ಅದೇ ಸರ್ಕಾರ ಕೊಂಡ ಔಷಧ, ಕಿಟ್, ಸಲಕರಣೆಗಳ ಲೆಕ್ಕದ ಮೇಲಿನ ಆರೋಪಗಳನ್ನು ಪರಿಶೀಲಿಸಲು 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗ ಬರಬೇಕಾಯಿತು, ಅದರ ಮೊದಲ ವರದಿ ಬಂದದ್ದು 2024ರ ಆಗಸ್ಟ್‌ನಲ್ಲಿ. ವಿಮಾನದಿಂದ ಇಳಿದವನ ಮನೆ ವಿಳಾಸ ಊರಿಗೆಲ್ಲ ತಿಳಿಯಲು ದಿನಗಳು ಸಾಕಾದವು. ಇಲಾಖೆಯ ಖರೀದಿ ಕಡತ ಒಬ್ಬ ನ್ಯಾಯಮೂರ್ತಿಯ ವರದಿಯಲ್ಲಿ ಬಿಚ್ಚಿಕೊಳ್ಳಲು ನಾಲ್ಕು ವರ್ಷ ಬೇಕಾಯಿತು.

ಎರಡನೆಯದು 2022ರ ಚಿಲುಮೆ ಪ್ರಕರಣ. ಮಲ್ಲೇಶ್ವರದಲ್ಲಿ ಕಚೇರಿ ಇದ್ದ ಈ ಸಂಸ್ಥೆಗೆ ಮತದಾರರಲ್ಲಿ ಜಾಗೃತಿ ಮೂಡಿಸುವ ಕೆಲಸಕ್ಕೆ ಪಾಲಿಕೆ ಅನುಮತಿ ಕೊಟ್ಟಿತ್ತು. ಅದರ ಸಿಬ್ಬಂದಿ ಮತಗಟ್ಟೆ ಅಧಿಕಾರಿಗಳೆಂಬ ಗುರುತಿನ ಚೀಟಿ ಹಿಡಿದು ಮನೆಮನೆಗೆ ಹೋಗಿ ಜಾತಿ, ಮಾತೃಭಾಷೆ, ಆಧಾರ್‌ನಂಥ ವಿವರಗಳನ್ನು ಸಂಗ್ರಹಿಸಿದರು ಎಂಬುದು ಆರೋಪ. ನವೆಂಬರ್‌ನಲ್ಲಿ ಸುದ್ದಿಸಂಸ್ಥೆಗಳು ಇದನ್ನು ಬಯಲಿಗೆಳೆದ ಮೇಲೆ ಬಂಧನಗಳಾದವು, ಚುನಾವಣಾ ಆಯೋಗದ ಸೂಚನೆಯಂತೆ ಹಿರಿಯ ಅಧಿಕಾರಿಗಳು ಅಮಾನತಾದರು. ಮೂರನೆಯದು ಆಗಲೇ ಹೇಳಿದ ಬೆರಳಚ್ಚಿನ ಪ್ರಕರಣ. ಈ ಮೂರರಲ್ಲಿ ಒಂದಾದರೂ ಆರ್‌ಟಿಐ ಅರ್ಜಿಯಿಂದ ಆದದ್ದಲ್ಲ. ಒಂದರಲ್ಲಿ ಇಲಾಖೆ ತಾನೇ ಪ್ರಕಟಿಸಿತು, ಒಂದರಲ್ಲಿ ಖಾಸಗಿಯವರಿಗೆ ಬಾಗಿಲು ತೆಗೆದುಕೊಟ್ಟಿತು, ಇನ್ನೊಂದರಲ್ಲಿ ಜಾಲತಾಣ ಕಟ್ಟುವಾಗ ಏನನ್ನು ಮುಚ್ಚಬೇಕು ಎಂದು ಯೋಚಿಸಲಿಲ್ಲ. ಅಪಾಯ ಇಲ್ಲೆಲ್ಲ ಸರ್ಕಾರದ ಕೈಯಿಂದ ಬಂದಿದೆ. ಬೇಲಿ ಹಾಕಿರುವುದು ಪ್ರಜೆಯ ಕಡೆಗೆ. ಹೊಸ ದತ್ತಾಂಶ ಕಾಯ್ದೆಯಾದರೂ ಸರ್ಕಾರದ ಕೈ ಕಟ್ಟುತ್ತದೆಯೇ ಎಂದರೆ, ಅದರ 7ನೇ ಸೆಕ್ಷನ್ ಸಬ್ಸಿಡಿ, ಪ್ರಮಾಣಪತ್ರ, ಪರವಾನಗಿ ಕೊಡಲು ಸರ್ಕಾರ ಹೊಸದಾಗಿ ಒಪ್ಪಿಗೆ ಕೇಳದೆ ನಮ್ಮ ದತ್ತಾಂಶ ಬಳಸಬಹುದು ಎನ್ನುತ್ತದೆ, 17ನೇ ಸೆಕ್ಷನ್ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳನ್ನು ಅಧಿಸೂಚನೆ ಹೊರಡಿಸಿ ಕಾಯ್ದೆಯಿಂದಲೇ ಹೊರಗಿಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ದೂರು ಕೇಳಬೇಕಾದ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಕೇಂದ್ರವೇ.

ತಿದ್ದುಪಡಿಯನ್ನು ಸಮರ್ಥಿಸುವವರ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅವರ ಮೊದಲ ಮಾತು: 8(2)ನೇ ಸೆಕ್ಷನ್‌ಗೆ ಕೈ ಹಚ್ಚಿಲ್ಲ. ಸಾರ್ವಜನಿಕ ಹಿತಾಸಕ್ತಿ ಹೆಚ್ಚು ತೂಗಿದರೆ ಯಾವ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎಂದು ಅದು ಹೇಳುತ್ತದೆ. ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ಮಾಹಿತಿಗೆ ದತ್ತಾಂಶ ಕಾಯ್ದೆಯ 3ನೇ ಸೆಕ್ಷನ್ ಅಡ್ಡ ಬರುವುದಿಲ್ಲ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ 2025ರಲ್ಲಿ ಉತ್ತರಿಸಿದ್ದೂ ಉಂಟು. ಕಾಗದದ ಮೇಲೆ ಇದು ಸರಿ. ಆದರೆ ಮಾಹಿತಿ ಕೊಡುವುದು ಕಾಗದವಲ್ಲ, ಸಾರ್ವಜನಿಕ ಮಾಹಿತಿ ಅಧಿಕಾರಿ (ಪಿಐಒ) ಎಂಬ ಹುದ್ದೆಯ ಹೆಚ್ಚುವರಿ ಹೊರೆ ಹೊತ್ತ ಒಬ್ಬ ಸಹಾಯಕ ಕಂದಾಯ ಅಧಿಕಾರಿಯೋ ಎಂಜಿನಿಯರೋ. ಮೊದಲು ವಿನಾಯಿತಿಯ ಒಳಗೇ ತಕ್ಕಡಿ ಇತ್ತು. ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯಾಗುತ್ತದೆಯೇ ಎಂದು ಅವರು ತೂಗಲೇಬೇಕಿತ್ತು, ನಿರಾಕರಿಸಿದರೆ ಅದನ್ನು ಬರೆಯಬೇಕಿತ್ತು. ಈಗ ಹೆಸರು ಕಂಡೊಡನೆ ನಿರಾಕರಿಸಿದರೆ ಕಾನೂನು ಪಾಲಿಸಿದಂತಾಗುತ್ತದೆ. ಕೊಡಬೇಕಾದರೆ 8(2)ರ ಅಡಿ ಧೈರ್ಯ ಮಾಡಿ, ಮೇಲಿನವರ ಮುಖ ನೋಡಿ, ತಮ್ಮದೇ ಸಹೋದ್ಯೋಗಿಯ ಹೆಸರಿರುವ ಕಡತಕ್ಕೆ ಸಹಿ ಹಾಕಬೇಕು. ದತ್ತಾಂಶ ಕಾಯ್ದೆಯಲ್ಲಿ 250 ಕೋಟಿ ರೂಪಾಯಿ ತನಕ ದಂಡವಿದೆ ಎಂಬ ಸುದ್ದಿ ಕಿವಿಗೆ ಬಿದ್ದವರು, ಅದು ತಮಗೆ ತಾಗುವುದಿಲ್ಲ ಎಂದು ವಕೀಲರು ಹೇಳಿದರೂ ನಂಬುವುದು ಕಷ್ಟ. ಮಾಹಿತಿ ಕೊಡದಿದ್ದರೆ ಆಗುವ ದಂಡ ಹೆಚ್ಚೆಂದರೆ 25,000 ರೂಪಾಯಿ, ಅದೂ ಎರಡನೇ ಮೇಲ್ಮನವಿ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧ ತಲುಪಿ, ಸರದಿ ಬಂದು, ವಿಚಾರಣೆ ಮುಗಿದ ಮೇಲೆ. ಅಧಿಕಾರಿ ಯಾವ ಕಡೆ ವಾಲುತ್ತಾರೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆರ್‌ಟಿಐಯನ್ನು ಹೊಟ್ಟೆಪಾಡು ಮಾಡಿಕೊಂಡವರಿದ್ದಾರೆ. ಕಟ್ಟಡ ಕಟ್ಟುವವರಿಗೆ ಅರ್ಜಿ ತೋರಿಸಿ ವಸೂಲಿಗೆ ಇಳಿಯುವವರು, ಗಂಡ ಹೆಂಡಿರ ಜಗಳಕ್ಕೆ, ದಾಯಾದಿ ವ್ಯಾಜ್ಯಕ್ಕೆ ಸಂಬಳದ ಚೀಟಿ ಕೇಳುವವರು, ಸಹೋದ್ಯೋಗಿಯ ಮೇಲಿನ ಹಗೆಗೆ ಅವರ ರಜೆ ಅರ್ಜಿಯ ಪ್ರತಿ ಕೇಳುವವರು. ಇದನ್ನು ಅಲ್ಲಗಳೆಯುವುದು ಸುಳ್ಳು ಹೇಳಿದಂತೆ. ಆದರೆ ಈ ಕಾಟಕ್ಕೆ ಹಳೆಯ ಕಾನೂನಿನಲ್ಲೇ ಮದ್ದಿತ್ತು. 2012ರ ಅಕ್ಟೋಬರ್‌ನಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೌಕರರ ಸೇವಾ ದಾಖಲೆ, ಆಸ್ತಿ ವಿವರ, ಆದಾಯ ತೆರಿಗೆ ರಿಟರ್ನ್‌ಗಳು ಸಾರ್ವಜನಿಕ ಹಿತಾಸಕ್ತಿ ತೋರದ ಹೊರತು ವೈಯಕ್ತಿಕ ಎಂದು ಹೇಳಿತು. ನನಗೆ ಕೇಳಿದರೆ ಆ ತೀರ್ಪು ತುಸು ಹೆಚ್ಚೇ ಮುಚ್ಚಿತು. ಇಲಾಖೆಗಳು ಅದನ್ನು ಎಲ್ಲ ಬೀಗಕ್ಕೂ ಒಂದೇ ಕೀಲಿಯಂತೆ ಬಳಸಿದವು. 2019ರ ನವೆಂಬರ್ 13ರಂದು ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದ ಸಂವಿಧಾನ ಪೀಠ, ಖಾಸಗಿತನವನ್ನೂ ಸಾರ್ವಜನಿಕ ಹಿತವನ್ನೂ ಪ್ರಕರಣದಿಂದ ಪ್ರಕರಣಕ್ಕೆ ತೂಗಬೇಕು ಎಂದಿತು. ಅಂದರೆ ತೂಗುವ ರೂಢಿ ಬೆಳೆಯುತ್ತಿದ್ದಾಗಲೇ ತಕ್ಕಡಿ ಕಿತ್ತುಕೊಳ್ಳಲಾಯಿತು. ವಸೂಲಿ ಮಾಡುವವನಿಗೆ ಇದರಿಂದ ತೊಂದರೆಯೂ ಇಲ್ಲ: ಅವನಿಗೆ ಬೇಕಾದ ಕಾಗದ ಕಚೇರಿಯ ಒಳಗಿನಿಂದಲೇ, ಅರ್ಜಿ ಇಲ್ಲದೆಯೇ ಸಿಗುತ್ತದೆ.

ಖಾಸಗಿತನದ ಮಾತು ಬಂದಾಗ ಯಾರೂ ಕೇಳದ ಇನ್ನೊಂದು ಪ್ರಶ್ನೆ ಅರ್ಜಿದಾರನ ಖಾಸಗಿತನದ್ದು. ಅರ್ಜಿ ಹಾಕಿದ ಸಂಜೆಯೇ ಗುತ್ತಿಗೆದಾರನ ಕಡೆಯವರು ಮನೆ ಮುಂದೆ ಬಂದು ನಿಲ್ಲುತ್ತಾರೆ ಎಂಬ ದೂರು ಹಳೆಯದು. ಅಕ್ರಮಗಳ ಬಗ್ಗೆ ಲೋಕಾಯುಕ್ತಕ್ಕೆ ದೂರು ಕೊಟ್ಟಿದ್ದ ಆರ್‌ಟಿಐ ಕಾರ್ಯಕರ್ತ ಲಿಂಗರಾಜು 2012ರ ನವೆಂಬರ್‌ನಲ್ಲಿ ಬೆಂಗಳೂರಿನ ತಮ್ಮ ಮನೆಯ ಬಳಿಯೇ ಕೊಲೆಯಾದರು. ಮರು ವರ್ಷ ಕಲ್ಕತ್ತ ಹೈಕೋರ್ಟ್, ಅರ್ಜಿದಾರರು ಮನೆ ವಿಳಾಸದ ಬದಲು ಅಂಚೆ ಪೆಟ್ಟಿಗೆ ಸಂಖ್ಯೆ ಕೊಟ್ಟರೂ ಸಾಕು ಎಂದಿತು. ಕೇಂದ್ರವೂ 2014ರ ಜನವರಿಯಲ್ಲಿ ಅದರಂತೆ ಸುತ್ತೋಲೆ ಹೊರಡಿಸಿತು. ವೈಯಕ್ತಿಕ ಮಾಹಿತಿಯ ರಕ್ಷಣೆ ನಿಜಕ್ಕೂ ಉದ್ದೇಶವಾಗಿದ್ದರೆ ಅರ್ಜಿದಾರನ ಹೆಸರು ಕಚೇರಿಯಿಂದ ಹೊರಗೆ ಹೋದರೆ ಯಾರು ಹೊಣೆ ಎಂಬುದಕ್ಕೆ ಒಂದು ಖಂಡ ಬರೆಯಬಹುದಿತ್ತು. ಬರೆಯಲಿಲ್ಲ.

ಮೂರನೇ ಆಕ್ಷೇಪಕ್ಕೆ ಮಾತ್ರ ನನ್ನ ಬಳಿ ಸಲೀಸಾದ ಉತ್ತರವಿಲ್ಲ. ಮಾಹಿತಿ ತೆರೆದಿಟ್ಟರೆ ಅದು ಬಡವನಿಗಿಂತ ಮೊದಲು ಬಲಾಢ್ಯನ ಕೈ ಸೇರುತ್ತದೆ ಎಂಬುದು ಆ ಆಕ್ಷೇಪ. ಕರ್ನಾಟಕದ ‘ಭೂಮಿ’ ಯೋಜನೆಯೇ ಇದಕ್ಕೆ ಸಾಕ್ಷಿ. 2000ದ ಸುಮಾರಿಗೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಮುದ್ರಿತ ಪ್ರತಿ ಕೊಡತೊಡಗಿದಾಗ ದೇಶವೇ ಹೊಗಳಿತು. ಗ್ರಾಮ ಲೆಕ್ಕಿಗರ ಮರ್ಜಿ ಕಾಯುವುದು ತಪ್ಪಿತು ಎಂದು ರೈತರೂ ಸಂತೋಷಪಟ್ಟರು. ಆದರೆ 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ಬೇರೆ ಚಿತ್ರ ಕೊಟ್ಟಿತು: ಯಾವ ಸರ್ವೆ ನಂಬರ್ ಯಾರದು, ಎಲ್ಲಿ ತಕರಾರಿದೆ ಎಂಬುದು ಒಂದೆಡೆ ಸಿಕ್ಕಿದ್ದರಿಂದ ದೊಡ್ಡ ಭೂ ವ್ಯವಹಾರಸ್ಥರಿಗೆ ಅನುಕೂಲವಾಯಿತು ಎಂದು ಅವರು ವಾದಿಸಿದರು. ಕೆಂಗೇರಿ ಹೋಬಳಿಯ ಕೊಮ್ಮಘಟ್ಟ, ಭೀಮನಕುಪ್ಪೆ, ಸೂಲಿಕೆರೆಯ ಕಡೆ ಬಿಡಿಎ ನಾಡಪ್ರಭು ಕೆಂಪೇಗೌಡ ಬಡಾವಣೆಗೆ 4,000ಕ್ಕೂ ಹೆಚ್ಚು ಎಕರೆ ಗುರುತಿಸಿದ ವರ್ಷಗಳಲ್ಲಿ ಪಹಣಿ ಓದಲು ಬಲ್ಲ ದಲ್ಲಾಳಿಗೂ ಬರದ ರೈತನಿಗೂ ಇದ್ದ ಅಂತರ ಎಂಥದ್ದು ಎಂದು ಊಹಿಸಿಕೊಳ್ಳಬಹುದು. ಫಲಾನುಭವಿಗಳ ಪಟ್ಟಿಯ ಸಂಕಟವೂ ಇಂಥದ್ದೇ. ಪಡಿತರ ಚೀಟಿದಾರರ ಪಟ್ಟಿ ಬಹಿರಂಗವಾಗಿರಬೇಕು ಎಂದು 2013ರ ಆಹಾರ ಭದ್ರತಾ ಕಾಯ್ದೆ ಬಯಸುತ್ತದೆ, ಅದರ ಸಾಮಾಜಿಕ ಪರಿಶೋಧನೆಗೂ ಅವಕಾಶ ಕೊಡುತ್ತದೆ. ರಾಜ್ಯದ ಮಾಹಿತಿ ಕಣಜ ಜಾಲತಾಣ ಹುಟ್ಟಿದ್ದೂ ಇಂಥ ಪಟ್ಟಿಗಳನ್ನು ತೆರೆದಿಡಲು. ಸತ್ತವರ ಹೆಸರಲ್ಲಿ ಅಕ್ಕಿ ಎತ್ತುವುದು ಗೊತ್ತಾಗುವುದೇ ಪಟ್ಟಿಯಲ್ಲಿ ಹೆಸರು ಕಂಡಾಗ. ಆದರೆ ಗಂಡನನ್ನು ಬಿಟ್ಟು ಬಂದು ಗುಟ್ಟಾಗಿ ಬದುಕುತ್ತಿರುವ ಹೆಣ್ಣುಮಗಳ ಹೆಸರೂ ವಿಳಾಸವೂ ಅದೇ ಪಟ್ಟಿಯಲ್ಲಿದ್ದರೆ? ಅಲ್ಲಿ ನಾನು ಮುಚ್ಚುವ ಪರ. ಇಂಥ ಕಡೆ ಹೆಸರು, ಪಡೆದ ಸವಲತ್ತು, ನ್ಯಾಯಬೆಲೆ ಅಂಗಡಿಯ ನಂಬರು ಸಾಕು; ಮನೆ ನಂಬರು, ಫೋನು, ಬ್ಯಾಂಕ್ ಖಾತೆ ಬೇಡ; ಅಪಾಯದಲ್ಲಿರುವವರು ಕೇಳಿಕೊಂಡರೆ ಹೆಸರೂ ಬೇಡ. ಮತದಾರರ ಪಟ್ಟಿಯಲ್ಲಿ ಚುನಾವಣಾ ಆಯೋಗ ಇದನ್ನು ಆಗಲೇ ಮಾಡುತ್ತಿದೆ: ಮತಗಟ್ಟೆ ಅಧಿಕಾರಿಯ ಕೈಲಿರುವ ಪ್ರತಿಯಲ್ಲಿ ಫೋಟೊ ಇದೆ, ಜಾಲತಾಣದಲ್ಲಿ ಸಾರ್ವಜನಿಕರು ನೋಡುವ ಪ್ರತಿಯಲ್ಲಿ ಇಲ್ಲ.

ಈ ಪ್ರಶ್ನೆಯನ್ನು ಹೊಸದಾಗಿ ಯೋಚಿಸಬೇಕಾದ ಅಗತ್ಯವೂ ಇರಲಿಲ್ಲ. 2012ರಲ್ಲಿ ನ್ಯಾಯಮೂರ್ತಿ ಎ.ಪಿ. ಷಾ ನೇತೃತ್ವದ ತಜ್ಞರ ಗುಂಪು, ಮುಂದೆ ಬರುವ ಖಾಸಗಿತನದ ಕಾಯ್ದೆ ಮಾಹಿತಿ ಹಕ್ಕಿಗೆ ಅಡ್ಡಿಯಾಗಕೂಡದು ಎಂದು ಬರೆದಿತ್ತು. 2018ರ ಜುಲೈನಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಕೊಟ್ಟ ಕರಡಿನಲ್ಲೂ 8(1)(ಜೆ)ಗೆ ತಿದ್ದುಪಡಿ ಇತ್ತು, ಆದರೆ ಮಾಹಿತಿ ಕೊಟ್ಟರೆ ಆಗುವ ಹಾನಿ ಸಾರ್ವಜನಿಕ ಹಿತಕ್ಕಿಂತ ಹೆಚ್ಚು ತೂಗಿದಾಗ ಮಾತ್ರ ನಿರಾಕರಿಸಬೇಕು ಎಂಬ ಷರತ್ತಿನೊಂದಿಗೆ. ಸಂಸತ್ತು 2023ರಲ್ಲಿ ಈ ಷರತ್ತನ್ನು ಕೈಬಿಟ್ಟಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು 2012ರಲ್ಲಿ ಆ ಅರ್ಜಿ ಹಾಕಿದ್ದು ಆಧಾರ್ ಹೆಸರಿನಲ್ಲಿ ಸರ್ಕಾರ ಪ್ರಜೆಯ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಸಂಗ್ರಹಿಸುವುದರ ವಿರುದ್ಧ. ಪ್ರಜೆ ಸರ್ಕಾರದ ಎದುರು ಗೆದ್ದ ಹಕ್ಕು ಅದು. 2024ರಲ್ಲಿ, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ಮರುವರ್ಷ, ಅದೇ ಹಕ್ಕಿನ ಹೆಸರಿನಲ್ಲಿ ಸರ್ಕಾರ ಪ್ರಜೆಗೆ ಕಡತ ಕೊಡುವುದಿಲ್ಲ ಎನ್ನುವ ಕಾನೂನು ಜಾರಿಗೆ ಬಂತು. ಜಗತ್ತಿನ ಬೇರೆಡೆ ಈ ಎರಡು ಹಕ್ಕುಗಳನ್ನು ಜಗಳಕ್ಕೆ ಹಚ್ಚದೆ ನಡೆಸಿದ್ದಾರೆ. ಕೆನಡಾದಲ್ಲಿ ಮಾಹಿತಿ ಪಡೆಯುವ ಕಾಯ್ದೆ, ಖಾಸಗಿತನದ ಕಾಯ್ದೆ ಎರಡೂ 1983ರ ಜುಲೈ 1ರಂದು ಒಂದೇ ದಿನ ಜಾರಿಗೆ ಬಂದವು. 1766ರಿಂದ ಸರ್ಕಾರಿ ದಾಖಲೆ ತೆರೆದಿಟ್ಟ ಸ್ವೀಡನ್ನಿನಲ್ಲಿ ಒಬ್ಬರ ತೆರಿಗೆಯ ಆದಾಯ ಎಷ್ಟು ಎಂದು ಇನ್ನೊಬ್ಬರು ಕೇಳಿ ತಿಳಿಯಬಹುದು. ಅಷ್ಟು ದೂರ ನಾವು ಹೋಗಬೇಕಿಲ್ಲ.

ಆದ್ದರಿಂದ ಶ್ರೀಕೃಷ್ಣ ಸಮಿತಿಯ ಷರತ್ತನ್ನಾದರೂ ಸಂಸತ್ತು ವಾಪಸು ತರಬೇಕು. ರಾಜ್ಯ ಸರ್ಕಾರ ಅದಕ್ಕಾಗಿ ಕಾಯಬೇಕಿಲ್ಲ. 4(1)(ಬಿ) ಇನ್ನೂ ಕಾಯ್ದೆಯಲ್ಲಿದೆ. ವಾರ್ಡ್ ಕಾಮಗಾರಿಗಳ ಅಳತೆ ಪುಸ್ತಕ, ಬಿಲ್, ಮಂಜೂರಾದ ನಕ್ಷೆಯ ಹೊರ ಅಳತೆಗಳನ್ನು ಹೆಸರು ಹುದ್ದೆ ಸಮೇತ ಪಾಲಿಕೆಯ ಜಾಲತಾಣದಲ್ಲಿ ಹಾಕಲು ಒಂದು ಸುತ್ತೋಲೆ ಸಾಕು. ಅಲ್ಲಿಯ ತನಕ ಬಡಾವಣೆಗಳ ನಿವಾಸಿ ಸಂಘಗಳಿಗೆ, ಒಬ್ಬಂಟಿಯಾಗಿ ಅರ್ಜಿ ಬರೆಯುವವರಿಗೆ ಒಂದು ಮಾತು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಆ 150ರಲ್ಲಿ ಎರಡು ವಾಕ್ಯಗಳನ್ನು ಮುಂದಿನ ಎರಡು ಮಾತುಗಳಿಗೆ ಮೀಸಲಿಡಿ. ಕಾರಣ ಹೇಳಬೇಕಾದ ಕಟ್ಟುಪಾಡು 6(2)ನೇ ಸೆಕ್ಷನ್ ಪ್ರಕಾರ ನಿಮಗಿಲ್ಲ. ಆದರೂ ಇದರಲ್ಲಿ ಸಾರ್ವಜನಿಕ ಹಣ ಅಥವಾ ಪರವಾನಗಿ ಏನಿದೆ ಎಂದು ಮೊದಲ ವಾಕ್ಯದಲ್ಲಿ ಹೇಳಿ 8(2)ನ್ನು ಉಲ್ಲೇಖಿಸಿ. ಫೋನು, ಆಧಾರ್, ಬ್ಯಾಂಕ್ ಖಾತೆ, ಮನೆ ವಿಳಾಸದಂಥ ಖಾಸಗಿ ವಿವರಗಳನ್ನು ಕಪ್ಪು ಮಾಡಿ ಉಳಿದದ್ದನ್ನು 10ನೇ ಸೆಕ್ಷನ್ ಅಡಿ ಕೊಡಿ ಎಂದು ಎರಡನೇ ವಾಕ್ಯದಲ್ಲಿ ಕೇಳಿ. 10ನೇ ಸೆಕ್ಷನ್ ತಿದ್ದುಪಡಿಯಾಗಿಲ್ಲ. ಬಂದ ಹಿಂಬರಹದಲ್ಲಿ ಈ ಎರಡಕ್ಕೂ ಉತ್ತರವಿಲ್ಲದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿ.